ಸೂಜಿ ಒಂದೇ, ಮುಖ ಎರಡು

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋದವರು ಒಂದು ದೃಶ್ಯವನ್ನು ಗಮನಿಸಿರಬಹುದು. ರೈತನು ತಂದಿಟ್ಟ ಗೂಡಿನ ಮುಂದೆ ನಿಂತ ರೀಲರ್, ಮೇಲೆ ಕಾಣುವ ಗೂಡುಗಳನ್ನಷ್ಟೇ ನೋಡಿ ಬೆಲೆ ಕಟ್ಟುವುದಿಲ್ಲ. ಕೈಯನ್ನು ಅಡಿಯವರೆಗೆ ಇಳಿಸಿ, ಒಂದು ಹಿಡಿ ಗೂಡನ್ನು ಮೇಲೆತ್ತಿ, ಹಿಸುಕಿ, ಅಲ್ಲಾಡಿಸಿ ನೋಡುತ್ತಾನೆ. ಮೇಲ್ಭಾಗ ಮೋಸ ಮಾಡಬಹುದೆಂಬುದು ಅವನಿಗೆ ಅನುಭವದಿಂದ ಗೊತ್ತು. ಸಂಜೆ ಅದೇ ವ್ಯಕ್ತಿ ಮಗನಿಗೆ ಹೆಣ್ಣು ನೋಡಲು ಮನೆಯವರೊಂದಿಗೆ ಚನ್ನಪಟ್ಟಣಕ್ಕೋ ಮಾಗಡಿಗೋ ಹೋಗುತ್ತಾನೆನ್ನಿ. ಅಲ್ಲಿ ಮೊದಲು ಕೇಳಲಾಗುವ ಪ್ರಶ್ನೆ ಯಾವುದು? ಹುಡುಗಿಯ ನಮಾಝ್, ನಡತೆ, ಸಹನೆಗಳ ಕುರಿತೇ? ಹೆಚ್ಚಿನ ಕಡೆ ಅಲ್ಲ. ಬಣ್ಣ ಹೇಗಿದೆ, ಮುಖದಲ್ಲಿ ಕಲೆ ಇದೆಯೇ ಎಂಬುದೇ ಮೊದಲ ವಿಚಾರಣೆ. ಗೂಡಿನ ವಿಷಯದಲ್ಲಿ ಇರುವ ವಿವೇಕ ಮನುಷ್ಯರ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆ?

ಈ ವಿಚಾರಣೆಗೆ ಹೆದರಿದವರ ನೆರವಿಗೆ ಈಗ ವೈದ್ಯಶಾಸ್ತ್ರವೂ ಬಂದಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ - ಈ ನಾಲ್ಕು ಊರುಗಳಿಗೂ ಬೆಂಗಳೂರು ದೂರವಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಹೋದರೆ, ಮುಖದ ಗುಳಿಯನ್ನು ತುಂಬಿಸಿಕೊಂಡು, ತನ್ನದೇ ರಕ್ತದಿಂದ ತೆಗೆದ ದ್ರವವನ್ನು ಚರ್ಮಕ್ಕೆ ಚುಚ್ಚಿಸಿಕೊಂಡು ಸಂಜೆ ಮನೆಗೆ ಮರಳಬಹುದು. ಇದು ಅನುಮತಿಸಲ್ಪಟ್ಟದ್ದೇ, ನಿಷಿದ್ಧವೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿಯೂ ಏಳುವುದು ಸಹಜ.

ಉತ್ತರ ಹುಡುಕುವ ಮುನ್ನ ಇಬ್ಬರು ಸ್ತ್ರೀಯರನ್ನು ಊಹಿಸಿಕೊಳ್ಳಿ. ಒಬ್ಬಳು ನೂಲು ಬಿಚ್ಚುವ ಫಿಲೇಚರಿನಲ್ಲಿ ದುಡಿಯುವವಳು. ಗೂಡು ಬೇಯಿಸುವ ಕುದಿನೀರು ಸಿಡಿದು ಅವಳ ಕೆನ್ನೆ ಸುಟ್ಟಿತು. ಗಾಯ ಮಾಸಿತು, ಆದರೆ ಚರ್ಮ ಕುಗ್ಗಿ ಗುಳಿ ಬಿದ್ದಿದೆ. ಬಾಯಿ ಪೂರ್ತಿ ತೆರೆಯುವಾಗ ಎಳೆತ, ಜನರೆದುರು ನಿಲ್ಲುವಾಗ ಸಂಕೋಚ. ಇನ್ನೊಬ್ಬಳು ಅನುಕೂಲಸ್ಥ ಮನೆಯ 45 ವರ್ಷದ ಗೃಹಿಣಿ. ಅವಳಿಗೆ ಯಾವ ಗಾಯವೂ ಇಲ್ಲ. ಕಣ್ಣಿನ ಬದಿಯಲ್ಲಿ, ತುಟಿಯ ಇಕ್ಕೆಲಗಳಲ್ಲಿ ಗೆರೆಗಳು ಮೂಡಿವೆ, ಅಷ್ಟೆ. ಇಬ್ಬರೂ ಒಂದೇ ವೈದ್ಯರ ಮುಂದೆ ಕುಳಿತಿದ್ದಾರೆ. ಸೂಜಿ ಒಂದೇ, ಔಷಧಿಯೂ ಒಂದೇ. ಧರ್ಮದ ದೃಷ್ಟಿಯಲ್ಲಿ ಇವೆರಡೂ ಒಂದೇ ಕೆಲಸವೇ?

ಈ ಚಿಕಿತ್ಸೆ ಎಂದರೇನು?

ವಿಷಯವನ್ನು ತಿಳಿಯದೆ ಹಲಾಲ್ ಅಥವಾ ಹರಾಮ್ ಎಂದು ಹೇಳಿಬಿಡುವುದು ಸರಿಯಲ್ಲ. ಆದ್ದರಿಂದ ಮೊದಲು ಚಿಕಿತ್ಸೆಯ ಸ್ವರೂಪವನ್ನು ನೋಡೋಣ.

ನಮ್ಮ ಚರ್ಮದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವ ಹಯಲುರಾನಿಕ್ ಆಮ್ಲ ಎಂಬ ಪದಾರ್ಥವಿದೆ. ವಯಸ್ಕರ ಶರೀರದಲ್ಲಿ ಅದರ ಒಟ್ಟು ತೂಕ ಸುಮಾರು 15 ಗ್ರಾಂ, ಅದರಲ್ಲಿ ಅರ್ಧದಷ್ಟು ಚರ್ಮದಲ್ಲೇ ಇರುತ್ತದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಇದನ್ನು ದನದ ಕಣ್ಣಿನಿಂದ ಮೊದಲ ಬಾರಿಗೆ ಬೇರ್ಪಡಿಸಿದರು. ಅನಂತರ ಹುಂಜದ ಜುಟ್ಟಿನಿಂದ ತೆಗೆಯಲಾಗುತ್ತಿತ್ತು. ಇಂದು ಹೆಚ್ಚಾಗಿ ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ತಯಾರಿಸಲಾಗುತ್ತದೆ. ಇದನ್ನು ಗಟ್ಟಿ ಲೋಳೆಯ ರೂಪಕ್ಕೆ ತಂದು ಚರ್ಮದ ಅಡಿಗೆ ಚುಚ್ಚಿದರೆ ಕುಸಿದ ಜಾಗ ಮೇಲೇಳುತ್ತದೆ. ಇದೇ ಫಿಲ್ಲರ್. ಇದು ಶಾಶ್ವತವಲ್ಲ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಕರಗಿಹೋಗುತ್ತದೆ.

ಎರಡನೆಯದು ರಕ್ತದಿಂದ ಬರುವಂಥದ್ದು. ರೋಗಿಯ ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಯಂತ್ರದಲ್ಲಿ ವೇಗವಾಗಿ ತಿರುಗಿಸಿದಾಗ ಕೆಂಪುಕಣಗಳು ಕೆಳಗಿಳಿದು, ಹಳದಿ ದ್ರವ ಮೇಲುಳಿಯುತ್ತದೆ. ಅದರಲ್ಲಿ ಪ್ಲೇಟ್‌ಲೆಟ್‌ಗಳು ಹೆಚ್ಚಿರುವ ಭಾಗವನ್ನು ಬೇರ್ಪಡಿಸುತ್ತಾರೆ. ಇದನ್ನೇ ಪಿ.ಆರ್.ಪಿ. ಎನ್ನುವುದು. ಆರೋಗ್ಯವಂತರ ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದಷ್ಟು ಪ್ಲೇಟ್‌ಲೆಟ್‌ಗಳಿದ್ದರೆ, ಈ ದ್ರವದಲ್ಲಿ ಅದರ ಮೂರರಿಂದ ಐದು ಪಟ್ಟು ಇರುತ್ತವೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು ಮಾತ್ರವೇ ಅವುಗಳ ಕೆಲಸವಲ್ಲ. ಹೊಸ ಜೀವಕೋಶಗಳು ಬೆಳೆಯಲು ಪ್ರೇರಣೆ ನೀಡುವ ಪ್ರೋಟೀನುಗಳನ್ನೂ ಅವು ಹೊರಬಿಡುತ್ತವೆ. ಇಂತಹ ಬೆಳವಣಿಗೆಯ ಅಂಶಗಳನ್ನು ಕಂಡುಹಿಡಿದುದಕ್ಕಾಗಿ ಸ್ಟ್ಯಾನ್ಲಿ ಕೋಹೆನ್ ಮತ್ತು ರೀಟಾ ಲೆವಿ ಮೊಂಟಾಲ್ಚೀನಿ ಅವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1998ರ ಹೊತ್ತಿಗೆ ವೈದ್ಯರು ಈ ದ್ರವವನ್ನು ದವಡೆಯ ಮೂಳೆ ಕೂಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಬಳಸಿ ವರದಿ ಮಾಡಿದ್ದರು. ಅಂದರೆ ಇದರ ಮೂಲ ಉದ್ದೇಶ ಗಾಯ ಮಾಯಿಸುವುದು, ಸೌಂದರ್ಯವಲ್ಲ.

ಇವೆರಡನ್ನೂ ಜೊತೆಗೂಡಿಸುವವರ ವಾದ ಹೀಗಿದೆ: ಫಿಲ್ಲರ್ ಕೂಡಲೇ ಗುಳಿ ತುಂಬುತ್ತದೆ, ರಕ್ತದ ಅಂಶವು ನಿಧಾನವಾಗಿ ಚರ್ಮವೇ ತನ್ನ ಕೊಲಾಜನ್ ಬೆಳೆಸಿಕೊಳ್ಳುವಂತೆ ಮಾಡುತ್ತದೆ. ವಾದ ತರ್ಕಬದ್ಧವಾಗಿದೆ. ಆದರೆ ಈ ಜೋಡಿ ಚಿಕಿತ್ಸೆಯ ಕುರಿತು ನಡೆದಿರುವ ಅಧ್ಯಯನಗಳು ಚಿಕ್ಕವು. ದ್ರವ ತಯಾರಿಸುವ ರೀತಿಯೂ ಒಂದು ಕಡೆಯಂತೆ ಇನ್ನೊಂದು ಕಡೆ ಇಲ್ಲ. ಜಾಹೀರಾತಿನ ಧೈರ್ಯ ವಿಜ್ಞಾನಕ್ಕೆ ಇನ್ನೂ ಬಂದಿಲ್ಲ.

ದುರಸ್ತಿಗೆ ಅಡ್ಡಿಯಿಲ್ಲ

ಈಗ ಮೊದಲನೆಯ ಸ್ತ್ರೀಯ ಕಡೆಗೆ ಬರೋಣ. ಸುಟ್ಟ ಕೆನ್ನೆಯನ್ನು ಸರಿಪಡಿಸಿಕೊಳ್ಳುವುದು ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದೆಂದು ಯಾರಾದರೂ ಹೇಳಿದರೆ ಅದು ಧರ್ಮದ ಬಗೆಗಿನ ಅಜ್ಞಾನವಷ್ಟೆ.

ಅರ್ಫಜಾ ಬಿನ್ ಅಸ್‌ಅದ್(ರ) ಎಂಬ ಸಹಾಬಿಯ ಪ್ರಸಂಗವನ್ನು ಅಬೂದಾವೂದ್, ತಿರ್ಮಿದಿ ಮುಂತಾದ ಹದೀಸ್ ಗ್ರಂಥಗಳು ವರದಿ ಮಾಡಿವೆ. ಇಸ್ಲಾಮ್ ಸ್ವೀಕರಿಸುವುದಕ್ಕೆ ಮುಂಚೆ ಕುಲಾಬ್ ಎಂಬಲ್ಲಿ ನಡೆದ ಕಾಳಗದಲ್ಲಿ ಅವರು ಮೂಗನ್ನು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗನ್ನು ಮಾಡಿಸಿ ಹಾಕಿಕೊಂಡರು. ಅದು ದುರ್ವಾಸನೆ ಬೀರತೊಡಗಿತು. ಆಗ ಪ್ರವಾದಿವರ್ಯರು(ಸ) ಚಿನ್ನದ ಮೂಗನ್ನು ಮಾಡಿಸಿಕೊಳ್ಳುವಂತೆ ಅವರಿಗೆ ಹೇಳಿದರು. ಇಲ್ಲಿ ಗಮನಿಸಬೇಕಾದುದೇನು? ಪುರುಷರಿಗೆ ಚಿನ್ನ ಧರಿಸುವುದು ನಿಷಿದ್ಧ. ಆದರೂ ಮುಖವನ್ನು ಮರಳಿ ಪಡೆಯುವುದಕ್ಕಾಗಿ ಆ ನಿಷೇಧವನ್ನೇ ಸಡಿಲಿಸಲಾಯಿತು. ವಿರೂಪಗೊಂಡ ಮನುಷ್ಯನ ನೋವು ಧರ್ಮಕ್ಕೆ ಅಷ್ಟು ಮುಖ್ಯ.

ಮೂಗಿನ ಮಾತು ಬಂದಾಗ ನಮ್ಮ ಸೀಮೆಯ ಇತಿಹಾಸವೂ ನೆನಪಾಗುತ್ತದೆ. ಮಾಗಡಿಯ ಸಾವನದುರ್ಗ 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆಯ ವಶವಾದ ಮೂರನೇ ಮೈಸೂರು ಯುದ್ಧದಲ್ಲಿ ಕಾವಸ್‌ಜಿ ಎಂಬ ಗಾಡಿಯಾಳು ಆಂಗ್ಲರ ಕಡೆ ದುಡಿಯುತ್ತಿದ್ದ. ಆಂಗ್ಲರ ದಾಖಲೆ ಹೇಳುವಂತೆ, ಟಿಪ್ಪು ಸುಲ್ತಾನರ ಸೇನೆಗೆ ಸೆರೆ ಸಿಕ್ಕಾಗ ಅವನ ಮೂಗನ್ನು ಕತ್ತರಿಸಲಾಗಿತ್ತು. ಪುಣೆಯ ಬಳಿ ದೇಶೀಯ ಶಸ್ತ್ರವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕಟ್ಟಿದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝೀನ್ ಇದನ್ನು ಚಿತ್ರಸಮೇತ ಪ್ರಕಟಿಸಿತು. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಬೆಳವಣಿಗೆಯಲ್ಲಿ ಆ ವರದಿಗೆ ದೊಡ್ಡ ಸ್ಥಾನವಿದೆ. ಹೀಗೆ ಅರಬಸ್ಥಾನದ ಸಹಾಬಿಯಾಗಲಿ, ದಖ್ಖನಿನ ಬಡ ಗಾಡಿಯಾಳಾಗಲಿ, ಈ ವಿದ್ಯೆ ನೆರವಾದದ್ದು ಕಳೆದುಕೊಂಡವರಿಗೆ.

ಇಂದು ಕಳೆದುಕೊಂಡವರು ಯಾರು? 2023ರ ಫೆಬ್ರವರಿಯಲ್ಲಿ ಕನಕಪುರದಲ್ಲಿ, ಪ್ರೇಮವನ್ನು ನಿರಾಕರಿಸಿದಳೆಂಬ ಕಾರಣಕ್ಕೆ ಅಪ್ರಾಪ್ತ ವಯಸ್ಸಿನ ಬಾಲಕಿಯೊಬ್ಬಳ ಮುಖಕ್ಕೆ ಯುವಕನೊಬ್ಬ ಆಸಿಡ್ ಎರಚಿದ. ಅದಕ್ಕೂ ಬಹಳ ಹಿಂದೆ, 1999ರಲ್ಲಿ, ಬೆಂಗಳೂರಿನ ಹಸೀನಾ ಹುಸೇನ್ ಎಂಬ ಯುವತಿಯ ಮೇಲೆ ಅವಳ ಹಿಂದಿನ ಮಾಲಿಕನೇ ಆಸಿಡ್ ಸುರಿದಿದ್ದ. ಅವಳು ಕಣ್ಣುಗಳನ್ನೂ ಕಳೆದುಕೊಂಡಳು. ಸುದೀರ್ಘ ಹೋರಾಟದ ಬಳಿಕ 2006ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂತಹವರಿಗೆ ಮೊದಲು ಬೇಕಾಗುವುದು ಚರ್ಮದ ಕಸಿ, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ. ಎಷ್ಟೋ ಕಾಲದ ಬಳಿಕ, ಬಿಗಿದ ಕಲೆಯನ್ನು ಮೃದುಗೊಳಿಸಲು, ಕುಳಿಬಿದ್ದ ಜಾಗವನ್ನು ಎತ್ತಲು ಈ ಫಿಲ್ಲರ್ ಮತ್ತು ರಕ್ತದ ಅಂಶಗಳು ಸ್ವಲ್ಪ ನೆರವಾಗಬಹುದು. ಅಂತಹವರ ಪಾಲಿಗೆ ಇದು ಶೃಂಗಾರವಲ್ಲ. ಊಟ ಮಾಡುವ, ಮಾತಾಡುವ, ತಲೆಯೆತ್ತಿ ನಡೆಯುವ ಹಕ್ಕು.

ತಿದ್ದುವುದು ಮತ್ತು ಬದಲಿಸುವುದು

ಎರಡನೆಯ ಸ್ತ್ರೀಯ ವಿಷಯ ಇಷ್ಟು ಸರಳವಲ್ಲ. ಅವಳನ್ನು ಬೈಯುವುದಕ್ಕೆ ಮುಂಚೆ ಅವಳ ಮಾತನ್ನೂ ಕೇಳಬೇಕು. ಅವಳು ಹೀಗೆ ಕೇಳಬಹುದು: "ಅಲ್ಲಾಹನು ಸೌಂದರ್ಯವನ್ನು ಮೆಚ್ಚುತ್ತಾನೆಂದು ನೀವೇ ಕಲಿಸಿದಿರಿ. ಪತಿಗಾಗಿ ಅಲಂಕರಿಸಿಕೊಳ್ಳುವುದು ಪುಣ್ಯವೆಂದಿರಿ. ನರೆತ ಕೂದಲಿಗೆ ಮೆಹಂದಿ ಹಚ್ಚಲು ಅನುಮತಿಯಿದೆ. ಹಾಗಾದರೆ ಮುಖದ ಸುಕ್ಕು ಮಾತ್ರ ಏಕೆ ಅಪರಾಧ?"

ಪ್ರಶ್ನೆ ನ್ಯಾಯವಾದದ್ದು. ಉತ್ತರವೂ ನ್ಯಾಯವಾಗಿರಬೇಕು.

ಸೌಂದರ್ಯದ ಕುರಿತಾದ ಆ ಹದೀಸ್ ಯಾವ ಸಂದರ್ಭದ್ದು? ಅಹಂಕಾರಿಯು ಸ್ವರ್ಗ ಪ್ರವೇಶಿಸಲಾರನೆಂದು ಪ್ರವಾದಿವರ್ಯರು(ಸ) ಹೇಳಿದಾಗ, ಒಳ್ಳೆಯ ಉಡುಪು, ಒಳ್ಳೆಯ ಪಾದರಕ್ಷೆಯನ್ನು ಇಷ್ಟಪಡುವುದೂ ಅಹಂಕಾರವೇ ಎಂದು ಒಬ್ಬರು ಕೇಳಿದರು. ಅದಕ್ಕೆ ಉತ್ತರವಾಗಿ ಆ ಮಾತು ಬಂದಿತು. ಜೊತೆಗೆ, ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದೂ ಅವರು(ಸ) ವಿವರಿಸಿದರು. ಹಾಗೆಂದ ಮೇಲೆ ಶುಚಿತ್ವ, ಒಳ್ಳೆಯ ಬಟ್ಟೆ, ಸುರ್ಮಾ, ಅತ್ತರ್, ಮೆಹಂದಿ ಇವೆಲ್ಲವೂ ಒಪ್ಪಿತವೇ. ಸತ್ಯವಿಶ್ವಾಸಿಯು ಕೊಳಕಾಗಿ, ಕೆದರಿದ ಕೂದಲಿನಲ್ಲಿ ಇರಬೇಕೆಂದು ಇಸ್ಲಾಮ್ ಎಲ್ಲಿಯೂ ಹೇಳಿಲ್ಲ.

ಆದರೆ ಇದಕ್ಕೊಂದು ಗಡಿಯೂ ಇದೆ. ಹಚ್ಚೆ ಚುಚ್ಚುವವರು ಚುಚ್ಚಿಸಿಕೊಳ್ಳುವವರು, ಸೌಂದರ್ಯಕ್ಕಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿಕೊಳ್ಳುವವರು ಶಪಿಸಲ್ಪಟ್ಟಿದ್ದಾರೆಂದು ಅಬ್ದುಲ್ಲಾ ಬಿನ್ ಮಸ್‌ಊದ್(ರ) ವರದಿ ಮಾಡಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದು ಅದಕ್ಕೆ ಕಾರಣವೆಂದೂ ಅಲ್ಲಿ ಹೇಳಲಾಗಿದೆ. ಇಲ್ಲಿ 'ಸೌಂದರ್ಯಕ್ಕಾಗಿ' ಎಂಬ ಒಂದು ಪದವೇ ನಿರ್ಣಾಯಕವೆಂದು ವಿದ್ವಾಂಸರು ತೋರಿಸಿದ್ದಾರೆ. ಹಲ್ಲಿನ ರೋಗಕ್ಕಾಗಿ ಅದನ್ನು ಅರೆದರೆ ಅದು ಚಿಕಿತ್ಸೆ. ಮುದುಕಿಯಾದವಳು ತರುಣಿಯಂತೆ ಕಾಣಲು ಅರೆದರೆ ಅದು ಸತ್ಯವನ್ನು ಮರೆಮಾಚುವ ಯತ್ನ.

ಕೂದಲಿನ ಬಣ್ಣದ ವಿಷಯದಲ್ಲಿಯೂ ಇದೇ ಸೂಕ್ಷ್ಮವಿದೆ. ಮಕ್ಕಾ ವಿಜಯದ ದಿನ ಹ. ಅಬೂಬಕರ್(ರ)ರ ವೃದ್ಧ ತಂದೆ ಅಬೂ ಕುಹಾಫಾರನ್ನು ಕರೆತಂದಾಗ ಅವರ ತಲೆಗೂದಲು, ಗಡ್ಡ ಅಚ್ಚ ಬಿಳುಪಾಗಿದ್ದವು. ಅದಕ್ಕೆ ಬಣ್ಣ ಹಚ್ಚಬಹುದು, ಆದರೆ ಕಪ್ಪು ಬೇಡ ಎಂಬುದು ಪ್ರವಾದಿವರ್ಯರ(ಸ) ನಿರ್ದೇಶವಾಗಿತ್ತು. ಮೆಹಂದಿ ಹಚ್ಚಿದ ಗಡ್ಡವು ವೃದ್ಧನನ್ನು ಅಂದವಾದ ವೃದ್ಧನಾಗಿ ತೋರಿಸುತ್ತದೆ, ಯುವಕನಾಗಿ ಅಲ್ಲ. ಅಲಂಕಾರಕ್ಕೂ ನಿರಾಕರಣೆಗೂ ಇರುವ ಅಂತರ ಇದೇ.

ಈ ಚಿಕಿತ್ಸೆಯ ಬಗ್ಗೆಯೇ ಸಾಮೂಹಿಕ ತೀರ್ಮಾನವೊಂದು ನಮ್ಮ ಮುಂದಿದೆ. ಜಿದ್ದಾದಲ್ಲಿ ಕೇಂದ್ರವಿರುವ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡಮಿಯು 2007ರ ಜುಲೈಯಲ್ಲಿ ಮಲೇಶ್ಯಾದ ಪುತ್ರಜಯದಲ್ಲಿ ಸಭೆ ಸೇರಿ ಸೌಂದರ್ಯ ಶಸ್ತ್ರಚಿಕಿತ್ಸೆಯ ಕುರಿತು ಚರ್ಚಿಸಿತು. ಹುಟ್ಟಿನಿಂದ ಬಂದ ಊನ, ಬೆಂಕಿ, ಅಪಘಾತ, ರೋಗಗಳಿಂದಾದ ವಿರೂಪ, ಮನಸ್ಸಿಗೂ ದೇಹಕ್ಕೂ ನೋವು ಕೊಡುವ ವಿಕಾರ - ಇವನ್ನು ಸರಿಪಡಿಸಲು ಅದು ಅನುಮತಿ ನೀಡಿತು. ರೋಗದ ಸ್ಥಿತಿಯಲ್ಲದಿದ್ದರೆ ಶಸ್ತ್ರಚಿಕಿತ್ಸೆಯಿಂದಾಗಲಿ ಚುಚ್ಚುಮದ್ದಿನಿಂದಾಗಲಿ ಸುಕ್ಕು ತೆಗೆಸುವುದು ಸಲ್ಲದೆಂದಿತು. ಈ ವಿಷಯದಲ್ಲಿ ಇದಕ್ಕಿಂತ ಸಡಿಲವಾದ ಅಭಿಪ್ರಾಯ ಹೊಂದಿದವರೂ ಇದ್ದಾರೆ. ತಮ್ಮ ಪ್ರಕರಣಕ್ಕೆ ತೀರ್ಪು ಬೇಕಾದವರು ತಾವು ನಂಬುವ ವಿದ್ವಾಂಸರನ್ನೇ ವಿಚಾರಿಸಬೇಕು. ಒಂದು ಲೇಖನ ಫತ್ವಾ ಆಗಲಾರದು.

ರಕ್ತ ಮತ್ತು ಹಾನಿಯ ಪ್ರಶ್ನೆ

ದೇಹದಿಂದ ಹರಿದು ಹೊರಬಂದ ರಕ್ತ ಅಶುದ್ಧವೆಂಬುದು ಹೆಚ್ಚಿನ ಫಿಕ್‌ಹ್ ವಿದ್ವಾಂಸರ ಅಭಿಪ್ರಾಯ. ಹನಫೀ ಮದ್‌ಹಬಿನ ಪ್ರಕಾರ ಅದರಿಂದ ವುಝೂ ಕೂಡಾ ಮುರಿಯುತ್ತದೆ. ಜೀವ ಉಳಿಸಲು ರಕ್ತ ನೀಡುವುದನ್ನೂ ಪಡೆಯುವುದನ್ನೂ ವಿದ್ವಾಂಸರು ಒಪ್ಪಿಕೊಂಡದ್ದು ಅನಿವಾರ್ಯತೆಯ ಆಧಾರದಲ್ಲಿ. ಸ್ವಂತ ರಕ್ತದ ಅಂಶವನ್ನೇ ಗಾಯಕ್ಕೆ ಬಳಸುವುದು ಅದಕ್ಕಿಂತಲೂ ಹಗುರವಾದ ವಿಷಯ. ಸುಟ್ಟ ಕೆನ್ನೆಗೆ ಈ ಅನಿವಾರ್ಯತೆಯ ವಾದ ಸಲ್ಲುತ್ತದೆ. ಕಣ್ಣಿನ ಬದಿಯ ಗೆರೆಗೆ ಸಲ್ಲುವುದೇ? ಫಿಲ್ಲರ್ ಯಾವುದರಿಂದ ತಯಾರಾಗಿದೆ ಎಂದೂ ಕೇಳಬೇಕು. ದನದ ಕೊಲಾಜನ್, ಹಂದಿಯ ಕೊಲಾಜನ್ ಬಳಸಿದ ಫಿಲ್ಲರ್‌ಗಳೂ ಬಂದಿದ್ದವು. ಕೇಳುವುದು ನಮ್ಮ ಹಕ್ಕು, ಹೇಳುವುದು ವೈದ್ಯರ ಹೊಣೆ.

ಇದಕ್ಕಿಂತ ದೊಡ್ಡದು ಹಾನಿಯ ಪ್ರಶ್ನೆ. ತನಗಾಗಲಿ ಇತರರಿಗಾಗಲಿ ಹಾನಿ ಮಾಡಬಾರದೆಂಬುದು ಇಸ್ಲಾಮೀ ಕಾನೂನಿನ ಮೂಲತತ್ವ. ಮೂಗಿನ ಮತ್ತು ಹುಬ್ಬುಗಳ ನಡುವಿನ ಜಾಗದ ರಕ್ತನಾಳಗಳು ಕಣ್ಣಿನ ರಕ್ತನಾಳಗಳೊಂದಿಗೆ ಸಂಪರ್ಕ ಹೊಂದಿವೆ. ಫಿಲ್ಲರ್ ತಪ್ಪಿ ನಾಳದೊಳಗೆ ಹೋದರೆ ಚರ್ಮ ಸತ್ತುಹೋಗಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಹಯಲುರಾನಿಕ್ ಆಮ್ಲವನ್ನು ಕರಗಿಸುವ ಔಷಧಿ ಇದೆ. ಆದರೆ ಅದನ್ನು ಕೂಡಲೇ ಕೊಡಬಲ್ಲ ನುರಿತ ವೈದ್ಯರು ಎದುರಿಗಿರಬೇಕು. ಪ್ಲೇಟ್‌ಲೆಟ್ ಕಡಿಮೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಮುಖದಲ್ಲಿ ಸೋಂಕು ಇರುವವರು ವೈದ್ಯರಿಗೆ ಅದನ್ನು ಮೊದಲೇ ಹೇಳಲೇಬೇಕು.

ಸ್ವಂತ ರಕ್ತವಾದ ಕಾರಣ ಅಪಾಯವೇ ಇಲ್ಲವೆಂಬ ಮಾತನ್ನೂ ನಂಬಬಾರದು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಪರವಾನಿಗೆ ಇಲ್ಲದ ಒಂದು ಸೌಂದರ್ಯ ಕೇಂದ್ರದಲ್ಲಿ ರಕ್ತದ ಅಂಶವನ್ನು ಸೂಜಿಗಳಿಂದ ಮುಖಕ್ಕೆ ಸೇರಿಸಿಕೊಂಡ ಮಹಿಳೆಯರಿಗೆ ಎಚ್.ಐ.ವಿ. ತಗಲಿತು. 2018ರಲ್ಲಿ ತನಿಖೆ ಆರಂಭವಾಗಿ, 2024ರ ಏಪ್ರಿಲ್‌ನಲ್ಲಿ ಆ ದೇಶದ ರೋಗ ನಿಯಂತ್ರಣ ಕೇಂದ್ರ ಅದರ ವರದಿ ಪ್ರಕಟಿಸಿತು. ನಮ್ಮಲ್ಲಿಯೂ 2022ರ ಮೇ ತಿಂಗಳಲ್ಲಿ, 21 ವರ್ಷದ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಅದು ಬೇರೆ ಬಗೆಯ ಚಿಕಿತ್ಸೆ, ನಿಜ. ಆದರೆ ಆರೋಗ್ಯವಂತೆಯಾಗಿ ಒಳಹೋದ ಮಗಳು ಮರಳಿ ಬಾರದ ಮನೆಯ ದುಃಖ ಎಲ್ಲೆಡೆಯೂ ಒಂದೇ. ರೋಗಿಗೆ ಅಪಾಯವನ್ನು ಎದುರಿಸಲು ಕಾರಣವಿರುತ್ತದೆ. ಆರೋಗ್ಯವಂತರು ಯಾವ ಕಾರಣಕ್ಕಾಗಿ ಅದನ್ನು ಮೈಮೇಲೆ ಎಳೆದುಕೊಳ್ಳಬೇಕು? ಶರೀರವು ನಮಗೆ ಅಲ್ಲಾಹನು ಒಪ್ಪಿಸಿದ ಅಮಾನತ್. ಅದರ ಲೆಕ್ಕವನ್ನು ಅವನಿಗೆ ಕೊಡಬೇಕಾಗಿದೆ.

ನಡುವೆ ನಿಂತ ಹುಡುಗಿ

ಈ ಇಬ್ಬರ ನಡುವೆ ಇನ್ನೊಬ್ಬಳಿದ್ದಾಳೆ. ಅವಳನ್ನು ಮರೆತರೆ ನಮ್ಮ ಚರ್ಚೆ ಅಪೂರ್ಣ. 22 ವರ್ಷದ ಅವಿವಾಹಿತೆ. ಹದಿಹರೆಯದಲ್ಲಿ ಬಂದ ಮೊಡವೆಗಳು ಕೆನ್ನೆಯ ಮೇಲೆ ಗುಳಿಗಳನ್ನು ಬಿಟ್ಟುಹೋಗಿವೆ. ಮೂರು ಸಂಬಂಧಗಳು ಬಂದು ಮರಳಿವೆ. ತಾಯಿ ತನ್ನ ಬಳೆ ಮಾರಿ ಚಿಕಿತ್ಸೆ ಮಾಡಿಸಲು ಸಿದ್ಧಳಿದ್ದಾಳೆ.

ಇದು ರೋಗದಿಂದ ಉಳಿದ ಕಲೆ. ಆದ್ದರಿಂದ ಸುಟ್ಟ ಕೆನ್ನೆಯ ಸಾಲಿಗೇ ಸೇರುತ್ತದೆ. ಚಿಕಿತ್ಸೆಗೆ ಅಡ್ಡಿಯಿಲ್ಲ. ಮೊಡವೆ ಕಲೆಗಳಿಗೆ ಈ ರಕ್ತದ ಅಂಶವನ್ನು ಸೂಕ್ಷ್ಮ ಸೂಜಿಗಳೊಂದಿಗೆ ಬಳಸಿದಾಗ ಸ್ವಲ್ಪ ಮಟ್ಟಿನ ಪ್ರಯೋಜನ ಕಂಡಿದೆ. ಕಲೆ ಪೂರ್ತಿ ಮಾಯವಾಗುವುದೆಂಬ ಭರವಸೆಯನ್ನು ಮಾತ್ರ ಯಾರೂ ಕೊಡಬಾರದು.

ಆದರೆ ಮದುವೆಯ ಮಾತುಕತೆಯಲ್ಲಿ ಸತ್ಯ ಬೇಕು. ಒಮ್ಮೆ ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಮಾರಾಟಗಾರನನ್ನು ಪ್ರಶ್ನಿಸಿದರು, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಕೆಲವು ತಿಂಗಳಲ್ಲಿ ಕರಗುವ ಫಿಲ್ಲರ್ ತುಂಬಿಸಿ, ಅದೇ ಸಹಜ ಮುಖವೆಂದು ತೋರಿಸಿ ನಿಕಾಹ್ ಮುಗಿಸಿದರೆ, ಅದು ಕರಗಿದ ದಿನ ಕರಗುವುದು ಮುಖದ ತುಂಬು ಮಾತ್ರವಲ್ಲ, ನಂಬಿಕೆಯೂ ಹೌದು. ಚಿಕಿತ್ಸೆ ಪಡೆದುದನ್ನು ಹೇಳಿಯೂ ಒಪ್ಪುವ ಮನೆಯೇ ಅವಳಿಗೆ ತಕ್ಕ ಮನೆ.

ಚನ್ನಪಟ್ಟಣದ ಗೊಂಬೆ ಕಡೆಯುವವರಿಗೆ ಇದು ಚೆನ್ನಾಗಿ ಗೊತ್ತು. ಆಲೆಮರವನ್ನು ಮೊದಲು ಒಣಗಿಸಬೇಕು. ಹಸಿ ಮರ ಬಿರಿಯುತ್ತದೆ. ಬಿರಿದ ಮರದ ಮೇಲೆ ಎಷ್ಟು ಬಣ್ಣದ ಅರಗು ಹಚ್ಚಿದರೂ ಅದು ನಿಲ್ಲದು. ಅರಗಿನ ಹೊಳಪು ಒಳ್ಳೆಯದೇ. ಅದು ಗಟ್ಟಿ ಮರದ ಮೇಲೆ ಇರಬೇಕು, ಅಷ್ಟೆ.

ನಮ್ಮ ಕಣ್ಣಿಗೆ ಯಾವ ಚಿಕಿತ್ಸೆ?

ಇಲ್ಲಿಯವರೆಗೆ ಚಿಕಿತ್ಸೆಗೆ ಹೋದವರನ್ನೇ ವಿಚಾರಿಸಿದೆವು. ಅವರನ್ನು ಅಲ್ಲಿಗೆ ಕಳುಹಿಸಿದವರು ಯಾರು? ಕನ್ನಡಿ ಯಾರನ್ನೂ ಹೀಯಾಳಿಸುವುದಿಲ್ಲ. ಹೀಯಾಳಿಸುವುದು ಮನುಷ್ಯರು. ಮದುವೆಯ ಮನೆಯಲ್ಲಿ "ಏನು, ಇಷ್ಟು ವಯಸ್ಸಾದಂತೆ ಕಾಣುತ್ತೀಯಲ್ಲಾ?" ಎಂದು ನಗುವ ಬಂಧುಗಳು, ಎರಡನೆಯ ಮದುವೆಯ ಮಾತನ್ನು ತಮಾಷೆಗೆಂದು ಆಡುವ ಪತಿ, ಸೊಸೆಯ ಬಣ್ಣವನ್ನು ನೆರೆಮನೆಯ ಸೊಸೆಯ ಬಣ್ಣಕ್ಕೆ ಹೋಲಿಸುವ ಅತ್ತೆ - ಇವರೆಲ್ಲರೂ ಆ ಸೂಜಿಯ ಹಿಂದೆ ನಿಂತಿದ್ದಾರೆ. ಆ 45 ವರ್ಷದ ಗೃಹಿಣಿಯ ಭಯವನ್ನು ಹುಟ್ಟಿಸಿದ ಪಾಪದಲ್ಲಿ ಇವರಿಗೆ ಪಾಲಿಲ್ಲವೇ?

ಪತಿಯಂದಿರು ಒಂದು ಪ್ರಸಂಗವನ್ನು ಮತ್ತೆ ಮತ್ತೆ ನೆನೆಯಬೇಕು. ಹ. ಖದೀಜಾ(ರ) ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೂ ಪ್ರವಾದಿವರ್ಯರು(ಸ) ಅವರನ್ನು ನೆನಪಿಸಿಕೊಳ್ಳುತ್ತಿದ್ದರು. ಒಮ್ಮೆ ಹ. ಆಯಿಶಾ(ರ), ಹಲ್ಲುದುರಿದ ಆ ವೃದ್ಧೆಯನ್ನೇಕೆ ಇಷ್ಟು ನೆನೆಯುತ್ತೀರಿ, ಅಲ್ಲಾಹನು ನಿಮಗೆ ಅವರಿಗಿಂತ ಉತ್ತಮರನ್ನು ಕೊಟ್ಟಿಲ್ಲವೇ ಎಂಬರ್ಥದಲ್ಲಿ ಕೇಳಿದರು. ಅವರಿಗಿಂತ ಉತ್ತಮರನ್ನು ಕೊಟ್ಟಿಲ್ಲವೆಂದೇ ಪ್ರವಾದಿವರ್ಯರು(ಸ) ಉತ್ತರಿಸಿದರು. ಜನರು ನಿರಾಕರಿಸಿದಾಗ ನಂಬಿದುದನ್ನು, ಜನರು ಕೈಬಿಟ್ಟಾಗ ತನ್ನ ಸಂಪತ್ತಿನಿಂದ ಬೆಂಬಲಿಸಿದುದನ್ನು ಎಣಿಸಿ ಹೇಳಿದರು. ಆ ಉತ್ತರದಲ್ಲಿ ಖದೀಜಾರ(ರ) ಮುಖದ ಕುರಿತು ಒಂದು ಮಾತೂ ಇಲ್ಲ. ನಿಮ್ಮ ಮನೆಯಾಕೆಯ ಮುಖದ ಗೆರೆಗಳಲ್ಲಿ ನಿಮ್ಮ ಮಕ್ಕಳಿಗಾಗಿ ನಿದ್ದೆಗೆಟ್ಟ ರಾತ್ರಿಗಳೂ ಸೇರಿವೆಯೆಂಬುದು ನಿಮಗೆ ನೆನಪಿದೆಯೇ?

ಹೆಣ್ಣು ನೋಡಲು ಹೋಗುವವರು ಜುಲೈಬೀಬ್(ರ)ರನ್ನು ನೆನೆಯಲಿ. ನೋಡಲು ಚೆಲುವರಲ್ಲದ ಆ ಬಡ ಸಹಾಬಿಗೆ ಸ್ವತಃ ಪ್ರವಾದಿವರ್ಯರೇ(ಸ) ಅನ್ಸಾರರ ಮನೆಯಿಂದ ಹೆಣ್ಣು ಕೇಳಿದರು. ತಾಯಿ ಹಿಂಜರಿದಳು. ಮಗಳು ಮಾತ್ರ ಪ್ರವಾದಿವರ್ಯರ(ಸ) ಬೇಡಿಕೆಯನ್ನು ತಿರಸ್ಕರಿಸಲು ಒಪ್ಪದೆ ಮುಂದೆ ಬಂದಳು. ಅಲ್ಲಾಹನು ನೋಡುವುದು ನಮ್ಮ ರೂಪವನ್ನಲ್ಲ, ಹೃದಯ ಮತ್ತು ಕರ್ಮಗಳನ್ನು ಎಂಬ ಹದೀಸನ್ನು ಗೋಡೆಗೆ ತೂಗುಹಾಕುವುದು ಸುಲಭ. ಅದನ್ನು ಮಗನ ಮದುವೆಯಲ್ಲಿ ಪಾಲಿಸುವುದೇ ಈಮಾನಿನ ಪರೀಕ್ಷೆ.

ಇನ್ನೊಂದು ಲೆಕ್ಕವೂ ಇದೆ. ರೇಷ್ಮೆ ಎಳೆಯನ್ನು ಅಂಟಿಸಿಡುವ ಸೆರಿಸಿನ್ ಎಂಬ ಅಂಟನ್ನು ಈಗ ಮುಖದ ಕ್ರೀಮುಗಳಲ್ಲಿ ಬಳಸುತ್ತಾರೆ. ಅದೇ ಅಂಟು ಬೆರೆತ ಬಿಸಿನೀರಿನಲ್ಲಿ ದಿನವಿಡೀ ಕೈಯಾಡಿಸಿ ಎಳೆ ಹುಡುಕುವವರ ಬೆರಳುಗಳನ್ನು ನೋಡಿ. ಸಿಪ್ಪೆ ಸುಲಿದು, ಬಿರುಕು ಬಿಟ್ಟಿರುತ್ತವೆ. ಒಬ್ಬರ ಕೆನ್ನೆ ನುಣುಪಾಗಿಸುವ ಪದಾರ್ಥ ಇನ್ನೊಬ್ಬರ ಕೈಯನ್ನು ಸವೆಸಿ ಬರುತ್ತಿದೆ. ಒಂದು ಸಲದ ಫಿಲ್ಲರ್‌ಗೆ ಹಲವು ಸಾವಿರ ರೂಪಾಯಿ ಬೇಕು, ಅದು ಕರಗಿದ ಮೇಲೆ ಮತ್ತೆ ಅಷ್ಟೇ. ಸುಕ್ಕಿಗಾಗಿ ಅಷ್ಟು ವ್ಯಯಿಸಬಲ್ಲ ಮನೆಯ ಪಕ್ಕದಲ್ಲೇ, ಸುಟ್ಟ ಕೆನ್ನೆಗೆ ಒಮ್ಮೆಯೂ ಚಿಕಿತ್ಸೆ ಮಾಡಿಸಲಾಗದ ಮನೆ ಇರಬಹುದು.

ನಮ್ಮ ಮಸೀದಿ ಕಮಿಟಿಗಳು ಬಡ ಹೆಣ್ಣುಮಕ್ಕಳ ಮದುವೆಗೆ ನೆರವಾಗುತ್ತವೆ. ಅದು ಒಳ್ಳೆಯದೇ. ಸುಟ್ಟಗಾಯದ, ವಿರೂಪದ ಚಿಕಿತ್ಸೆಗೂ ಹಾಗೆಯೇ ಒಂದು ಪಾಲನ್ನು ಏಕೆ ತೆಗೆದಿಡಬಾರದು? ಬಡವರಿಗೆ ಝಕಾತಿನಲ್ಲಿಯೇ ಹಕ್ಕಿದೆ. ಉಳಿದುದಕ್ಕೆ ಸದಕಾದ ಬಾಗಿಲು ಸದಾ ತೆರೆದಿದೆ. ಆಸಿಡ್ ದಾಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ನೀಡಬೇಕೆಂದು ಸುಪ್ರೀಮ್ ಕೋರ್ಟ್ 2015ರಲ್ಲಿ ಆದೇಶಿಸಿದೆ. ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರದ ಆದೇಶ 2013ರಲ್ಲೇ ಬಂದಿದೆ. ಈ ಮಾಹಿತಿಯನ್ನು ತಲುಪಿಸುವುದೂ ಒಂದು ಸೇವೆ. ನೊಂದವರು ಯಾವ ಧರ್ಮದವರೆಂದು ಕೇಳುವ ಅಗತ್ಯವೇ ಇಲ್ಲ.

ಪ್ರಿಯ ಸಹೋದರಿಯರೇ, ಸೂಜಿಯ ಮುಂದೆ ಕುಳಿತಾಗ ನಿಮ್ಮನ್ನು ನೀವೇ ಮೂರು ಪ್ರಶ್ನೆ ಕೇಳಿಕೊಳ್ಳಿ. ನಾನು ಕಳೆದುಕೊಂಡುದನ್ನು ಮರಳಿ ಪಡೆಯುತ್ತಿದ್ದೇನೆಯೇ, ಅಥವಾ ಕಳೆದ ಕಾಲವನ್ನು ಮುಚ್ಚಿಡುತ್ತಿದ್ದೇನೆಯೇ? ಇದರಿಂದಾಗುವ ಹಾನಿಗೆ ಅಲ್ಲಾಹನ ಮುಂದೆ ನನ್ನ ಬಳಿ ಉತ್ತರವಿದೆಯೇ? ಇದನ್ನು ಯಾರಿಂದಲಾದರೂ ಬಚ್ಚಿಡಬೇಕಾಗಿದೆಯೇ? ಸಹೋದರರೇ, ನಿಮಗೊಂದೇ ಪ್ರಶ್ನೆ: ನಿಮ್ಮ ಮಾತು, ನಿಮ್ಮ ನೋಟ ಯಾರನ್ನಾದರೂ ಆ ಕುರ್ಚಿಯವರೆಗೆ ತಳ್ಳಿದೆಯೇ?

ಅಂತಿಮ ದಿನದಂದು ಕೆಲವು ಮುಖಗಳು ಬೆಳಗುತ್ತಿರುವುವು, ಕೆಲವು ಧೂಳು ಕವಿದಿರುವುವು ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ವುಝೂವಿನ ಪ್ರಕಾಶದಿಂದ ತಮ್ಮ ಸಮುದಾಯದವರನ್ನು ಗುರುತಿಸುವುದಾಗಿ ಪ್ರವಾದಿವರ್ಯರು(ಸ) ಹೇಳಿದ್ದಾರೆ. ಆ ಬೆಳಕಿಗೆ ದಿನಕ್ಕೆ ಐದು ಬಾರಿ ಮುಖಕ್ಕೆ ತಾಗುವ ತಣ್ಣೀರು ಸಾಕು. ಅದು ಕುಗ್ಗಿದ ಕೆನ್ನೆಗೂ, ಸುಟ್ಟ ಕೆನ್ನೆಗೂ, ಸುಕ್ಕುಗಟ್ಟಿದ ಕೆನ್ನೆಗೂ ಒಂದೇ ಸಮನಾಗಿ ದೊರೆಯುತ್ತದೆ. ಗಾಯಗೊಂಡವರಿಗೆ ಶಮನವನ್ನೂ, ವಯಸ್ಸಾದವರಿಗೆ ಗೌರವವನ್ನೂ, ನಮ್ಮೆಲ್ಲರಿಗೂ ಮನುಷ್ಯರನ್ನು ಸರಿಯಾಗಿ ಕಾಣುವ ಕಣ್ಣನ್ನೂ ಅಲ್ಲಾಹನು ಅನುಗ್ರಹಿಸಲಿ. ಆಮೀನ್.